ಸೋರುವ ಮನೆಗೆ ಸದ್ದು ಕಟ್ಟಿದ್ದು

ನಾವು ಮಾಡುತ್ತಿರುವ ವೀಡಿಯೋ ಗೇಮಿನ ಹೆಸರು ‘ಸೋರುವ ಮನೆ’. ತೀರ್ಥಹಳ್ಳಿ ಕಡೆಯ ಒಂದು ಹಳೇ ಹೆಂಚಿನ ಮನೆ. ಆಷಾಢದ ರಾತ್ರಿ, ಕರೆಂಟಿಲ್ಲ. ಪರದೆ ತುಂಬ ಕತ್ತಲೆ. ಮಾಡು ಅಲ್ಲಲ್ಲಿ ಸೋರುತ್ತಿದೆ. ಆಡುವವರು ಹನಿಯ ಸದ್ದಿನ ಜಾಡು ಹಿಡಿದು ಹೋಗಬೇಕು, ಕೆಳಗೆ ಪಾತ್ರೆ ಇಡಬೇಕು, ಅದು ತುಂಬಿ ಹರಿಯುವ ಮೊದಲು ಅಂಗಳಕ್ಕೆ ಚೆಲ್ಲಿ ಬರಬೇಕು. ಬೆಳಗಾಗುವ ತನಕ ನಡುಮನೆಯ ಹಾಸಿಗೆ, ಅಕ್ಕಿ ಮೂಟೆ, ಅಟ್ಟದ ಮೇಲಿನ ಅಡಿಕೆ ಒದ್ದೆಯಾಗದಿದ್ದರೆ ಗೆದ್ದ ಹಾಗೆ.

ಕೋಡಿಂಗ್, ಚಿತ್ರ ಎಲ್ಲ ನನ್ನ ಚಿಕ್ಕಪ್ಪನ ಮಗನದ್ದು. ಸದ್ದು ನನ್ನದು. ಹಗಲು ಹೊತ್ತು ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಜಾಹೀರಾತುಗಳ ದನಿ ತೊಳೆದು ಇಸ್ತ್ರಿ ಮಾಡುತ್ತೇನೆ. ಗೇಮಿಗೆ ಕೆಲಸ ಮಾಡಿದ್ದು ಇದೇ ಮೊದಲು. ಶುರುವಿನಲ್ಲಿ ತಮ್ಮ ಹೇಳಿದ್ದು ಇಷ್ಟು: “ಅಕ್ಕ, ಒಂದು ಮಳೆ, ಒಂದು ಹನಿ, ಒಂದು ಗುಡುಗು. ಮೂರು ಫೈಲ್ ಕಳಿಸು, ಸಾಕು.” ಆ ಮೂರು ಫೈಲು ಈಗ ಇನ್ನೂರು ದಾಟಿವೆ. ಅದು ಹೇಗಾಯ್ತು ಅಂತ ಬರೆದಿಡುತ್ತಿದ್ದೇನೆ, ಮುಂದಿನ ಸಲ ಬಜೆಟ್ ಹೇಳುವಾಗ ನನಗೇ ಬೇಕಾಗುತ್ತದೆ.

ಮೊದಲ ಮಳೆ, ಮೊದಲ ಹಪ್ಪಳ

ಜೂನ್ ಕೊನೆಯಲ್ಲಿ ಅತ್ತೆ ಮನೆಗೆ ಹೋದೆ. ಆಟದ ಮನೆಗೆ ನಕ್ಷೆ ಅವರ ಮನೆಯೇ. ಮಳೆ ಬೇಕಾದಷ್ಟಿತ್ತು. ಜಗುಲಿಯಲ್ಲಿ ರೆಕಾರ್ಡರ್ ಇಟ್ಟು ನಲವತ್ತು ನಿಮಿಷ ಸುಮ್ನೆ ಕೂತೆ. ಎಷ್ಟು ಚೆನ್ನಾಗಿ ಸುರಿಯಿತು ಅಂದರೆ, ಇದೊಂದೇ ಫೈಲು ಸಾಕು ಅಂತ ಖುಷಿಯಾಗಿ ಊಟಕ್ಕೆ ಎದ್ದೆ. ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದರೆ ಎಣ್ಣೆ ಬಾಣಲೆಯಲ್ಲಿ ಹಪ್ಪಳ ಕರಿಯುವ ಸದ್ದು. ಮಳೆ ಎಲ್ಲಿ ಹೋಯ್ತು?

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಮಳೆಗೆ ತನ್ನದೇ ಸದ್ದು ಅಂತ ಹೆಚ್ಚೇನೂ ಇಲ್ಲ. ಅದು ಯಾವುದರ ಮೇಲೆ ಬೀಳುತ್ತದೋ ಅದರ ಸದ್ದು. ಹೆಂಚಿನ ಮೇಲೆ ಬಿದ್ದರೆ ಒಂದು ತರ, ಬಚ್ಚಲ ಮೇಲಿನ ತಗಡಿಗೆ ಬಿದ್ದರೆ ಇನ್ನೊಂದು, ತೋಟದ ಸೋಗೆಗೆ ಬಿದ್ದರೆ ಮತ್ತೊಂದು. ಜಗುಲಿಯಲ್ಲಿ ಕೂತಾಗ ನಮ್ಮ ಎರಡು ಕಿವಿ ಇವನ್ನೆಲ್ಲ ಬೇರೆ ಬೇರೆ ಮಾಡಿ, ಇದು ಮೇಲೆ, ಅದು ದೂರ ಅಂತ ಜೋಡಿಸಿಕೊಳ್ಳುತ್ತವೆ. ಒಂದೇ ಕಡೆ ಇಟ್ಟ ಪುಟ್ಟ ಮೈಕು ಎಲ್ಲವನ್ನೂ ಕಲಸಿ ಒಂದೇ ಚರಚರ ಮಾಡಿಬಿಡುತ್ತದೆ.

ಹಾಗಾಗಿ ಮಳೆಯನ್ನು ಬಿಡಿ ಬಿಡಿಯಾಗಿ ಹಿಡಿದೆ. ಅಟ್ಟದ ಮೇಲೆ, ಹೆಂಚಿಗೆ ಒಂದು ಮೊಳ ಕೆಳಗೆ ಮೈಕು: ಇದು ‘ಹೆಂಚು’. ಬಚ್ಚಲ ಬಾಗಿಲಲ್ಲಿ: ‘ತಗಡು’. ಸೂರಿನಿಂದ ಅಂಗಳಕ್ಕೆ ಸಾಲಾಗಿ ಸುರಿಯುವ ನೀರಿನ ಹತ್ತಿರ, ಮೈಕಿಗೆ ಪ್ಲಾಸ್ಟಿಕ್ ಕವರು ಸುತ್ತಿ: ‘ಸೂರು’. ಕವರಿನ ಮೇಲೆ ಹನಿ ಬಿದ್ದು ಟಪ್ ಟಪ್ ಅಂದದ್ದರಿಂದ ಮೊದಲ ಸಲ ತೆಗೆದದ್ದು ಹಾಳಾಯಿತು. ಆಮೇಲೆ ಅದರ ಮೇಲೊಂದು ಒದ್ದೆ ಟವೆಲ್ ಹೊದಿಸಿದೆ, ಸರಿಹೋಯಿತು. ಕೊನೆಗೆ ಹಿತ್ತಲ ಬಾಗಿಲಿನಿಂದ ತೋಟದ ಕಡೆ ಮುಖ ಮಾಡಿ: ‘ದೂರ’.

ಆಟದಲ್ಲಿ ಈ ನಾಲ್ಕೂ ಒಟ್ಟಿಗೆ ಓಡುತ್ತಿರುತ್ತವೆ. ನಡುಮನೆಯಲ್ಲಿ ಹೆಂಚು ಜಾಸ್ತಿ, ಸೂರು ಮಂದ. ಬಚ್ಚಲಿಗೆ ಹೋದರೆ ತಗಡು ತಲೆ ಮೇಲೇ ಹೊಡೆಯುತ್ತದೆ. ಪರದೆ ಕಪ್ಪಾಗಿದ್ದರೂ ಯಾವ ಕೋಣೆಯಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ತಮ್ಮ ಇದನ್ನು ಆಡಿ ನೋಡಿದವನೇ, ಪರದೆಯ ಮೂಲೆಯಲ್ಲಿದ್ದ ಪುಟ್ಟ ನಕ್ಷೆಯನ್ನು ಕಿತ್ತುಹಾಕಿದ. ನಾನು ಕೇಳಿರಲಿಲ್ಲ. ಆದರೆ ಆ ದಿನ ಜಾಹೀರಾತಿನ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಯಿತು. ಅಲ್ಲಿ ಚಿತ್ರ ಮುಗಿದ ಮೇಲೆ ಸದ್ದು ಬರುತ್ತದೆ. ಇಲ್ಲಿ ಸದ್ದು ಬಂದ ಮೇಲೆ ಚಿತ್ರದಿಂದ ಒಂದು ಸಾಮಾನು ಹೊರಗೆ ಹೋಯಿತು.

ಹನಿ

ನಿಜವಾದ ಸೋರಿಕೆಯನ್ನೇ ರೆಕಾರ್ಡ್ ಮಾಡೋಣ ಅಂತಲೇ ನನ್ನ ಆಸೆ. ಅತ್ತೆಯ ಅಡುಗೆಮನೆಯ ಮೂಲೆಯಲ್ಲಿ ಒಂದು ಒಳ್ಳೆಯ ಸೋರಿಕೆ ಇತ್ತು. ಮೈಕಿನ ಸ್ಟ್ಯಾಂಡ್ ನಿಲ್ಲಿಸುವುದನ್ನು ನೋಡಿ ಅತ್ತೆ, “ಸೋರೋ ನೀರಿಗೂ ಮೈಕ್ ಹಿಡೀತಾರೇನೇ? ಮೊದ್ಲು ಆ ಬಕೆಟ್ ಖಾಲಿ ಮಾಡ್ಕೊಂಡ್ ಬಾ” ಅಂದರು. ಖಾಲಿ ಮಾಡಿ ಬಂದೆ, ರೆಕಾರ್ಡ್ ಮಾಡಿದೆ. ಉಪಯೋಗಕ್ಕೆ ಬರಲಿಲ್ಲ. ಸೋರುವಾಗೆಲ್ಲ ಮೇಲೆ ಮಳೆ ಇದ್ದೇ ಇರುತ್ತದೆ. ಹನಿಯ ಸದ್ದಿನಿಂದ ಮಳೆಯ ಸದ್ದನ್ನು ಬಿಡಿಸಲು ಆಗುವುದಿಲ್ಲ.

ಹಾಗಾಗಿ ಸೋರಿಕೆಯನ್ನು ಬೆಂಗಳೂರಿಗೆ ತಂದೆ. ಮೆಡಿಕಲ್ ಶಾಪಿನಲ್ಲಿ ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್ ಸಿಗುತ್ತದಲ್ಲ, ಅದೊಂದು ಕೊಂಡೆ. ಅದರ ಪುಟ್ಟ ಚಕ್ರ ತಿರುಗಿಸಿದರೆ ಹನಿ ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ 1 ಮಿಲಿಲೀಟರ್ ಲೆಕ್ಕ. ಬಾಟಲಿಯನ್ನು ಸಜ್ಜಾದ ಮೇಲಿಟ್ಟು ಕೊಳವೆ ಇಳಿಬಿಟ್ಟೆ. ಬಿದ್ದ ಹನಿ ತೀರಾ ಸಣ್ಣದು, ಆಸ್ಪತ್ರೆಯ ಹನಿ. ಹೆಂಚಿನ ಹನಿ ದಪ್ಪ. ಅಂಚಿನಲ್ಲಿ ನಿಂತು, ತೂಗಿ, ಯೋಚನೆ ಮಾಡಿ ಬೀಳುತ್ತದೆ. ಊರಿಂದ ಒಂದು ಒಡೆದ ಹೆಂಚು ತರಿಸಿ, ಕೊಳವೆಯ ತುದಿಯನ್ನು ಅದರ ಮೇಲೆ ಬಿಟ್ಟು, ನೀರು ಅಂಚಿಗೆ ಹರಿದು ಬೀಳುವ ಹಾಗೆ ಕಟ್ಟಿದೆ. ಆಗ ಹನಿಗೆ ತೂಕ ಬಂತು.

ಮಾಡಿನಷ್ಟೇ ಎತ್ತರ ಬೇಕು ಅಂತ ಎಂಟಡಿ ಮೇಲಿನಿಂದ, ನೀರು ತುಂಬಿದ ತಪ್ಪಲೆಗೆ ಬಿಟ್ಟೆ. ಬಂದದ್ದು ‘ಚಪ್’. ಮತ್ತೆ ಬಿಟ್ಟೆ, ‘ಚಪ್’. ನಾವೆಲ್ಲ ‘ಸೋರುವ ಸದ್ದು’ ಅಂದಾಗ ಮನಸ್ಸಿಗೆ ಬರುವ ಆ ‘ಪ್ಳಿಂಕ್’ ಬರಲೇ ಇಲ್ಲ. ಬೇಸರದಿಂದ ಹೆಂಚನ್ನು ಇಳಿಸುತ್ತಾ ಬಂದೆ. ನೀರಿನಿಂದ ಹೆಚ್ಚುಕಮ್ಮಿ ಒಂದು ಗೇಣು ಎತ್ತರಕ್ಕೆ ಬಂದಾಗ, ಪ್ಳಿಂಕ್!

ಈ ಪ್ಳಿಂಕ್ ಹುಟ್ಟುವುದು ಹನಿ ನೀರಿಗೆ ತಾಗಿದ್ದಕ್ಕಲ್ಲ. ಹನಿ ಬಿದ್ದಲ್ಲಿ ಒಂದು ಗುಳಿ ಆಗುತ್ತದೆ, ಗುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಒಂದು ಗಾಳಿಯ ಗುಳ್ಳೆ ಸಿಕ್ಕಿಬೀಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ನಡುಗುವುದೇ ಸದ್ದು. ಗುಳ್ಳೆ ಚಿಕ್ಕದಾದಷ್ಟೂ ಶ್ರುತಿ ಮೇಲೆ. ಮಿನ್ನರ್ಟ್ ಎಂಬ ವಿಜ್ಞಾನಿ 1933ರಲ್ಲೇ ಲೆಕ್ಕ ಹಾಕಿದ್ದರು: 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆಗೆ ಸುಮಾರು 3,260 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ ನಡುಕ. 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್ವಾಲ್ ಮತ್ತು ಜೊತೆಗಾರರು ಇದನ್ನು ವೇಗದ ಕ್ಯಾಮೆರಾ ಮತ್ತು ಮೈಕು ಇಟ್ಟು ಮತ್ತೆ ನೋಡಿದರು. ನೀರಿನೊಳಗಿನ ಗುಳ್ಳೆ ನಡುಗುತ್ತಾ ಮೇಲಿನ ನೀರಿನ ಪದರವನ್ನೇ ನಡುಗಿಸುತ್ತದೆ, ಅದರಿಂದಲೇ ಸದ್ದು ಗಾಳಿಗೆ ದಾಟುತ್ತದೆ ಅಂತ ತೋರಿಸಿದರು. ಅಗರ್ವಾಲ್ ಅವರಿಗೆ ಈ ಯೋಚನೆ ಬಂದದ್ದು, ಗೆಳೆಯರೊಬ್ಬರ ಮನೆಯಲ್ಲಿ ಉಳಿದಿದ್ದಾಗ ಮಾಡು ಸೋರಿ ಬಕೆಟ್ಟಿಗೆ ಬೀಳುತ್ತಿದ್ದ ಹನಿಯ ಕಾಟದಿಂದ! ಓದಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅತ್ತೆಗೆ ಫೋನ್ ಮಾಡಿ ಹೇಳಿದೆ. “ಅವ್ರ ಮನೇಲಿ ಹೆಂಚು ತಿರುವಿ ಹಾಕೋರು ಸಿಗ್ಲಿಲ್ವಂತಾ?” ಅಂದರು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು. ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಸದ್ದು ನಿಲ್ಲುತ್ತದೆ. ಎರಡು ಹನಿ ಲಿಕ್ವಿಡ್ ಹಾಕಿ ನೋಡಿದೆ. ನಿಜಕ್ಕೂ ಪ್ಳಿಂಕ್ ಸತ್ತಿತು. ಹನಿ ಬೀಳುವುದು ಕಣ್ಣಿಗೆ ಕಾಣುತ್ತಿದೆ, ಕಿವಿಗೆ ಏನೂ ಇಲ್ಲ. ಇದನ್ನು ತಮ್ಮನಿಗೆ ವೀಡಿಯೋ ಮಾಡಿ ಕಳಿಸಿದೆ. ಎರಡು ದಿನ ಬಿಟ್ಟು ಅವನು ಆಟದಲ್ಲಿ ಸೋಪು ನೀರಿನ ಬಕೆಟ್ ಇಟ್ಟಿದ್ದ. ಅಗಸರ ಕಲ್ಲಿನ ಪಕ್ಕ, ಬಟ್ಟೆ ನೆನೆಸಿಟ್ಟದ್ದು. ಅವಸರದಲ್ಲಿ ಅದನ್ನೇ ಎತ್ತಿಕೊಂಡು ಹೋಗಿ ಹನಿ ಕೆಳಗಿಟ್ಟರೆ, ಅದು ತುಂಬುವುದು ಕೇಳಿಸುವುದೇ ಇಲ್ಲ. ಈ ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದ ಮೋಸ ಅದು.

ಎತ್ತರದ ವಿಷಯಕ್ಕೆ ಬರೋಣ. ಎಂಟಡಿಯಿಂದ ಬಿದ್ದ ಹನಿ ‘ಚಪ್’ ಅನ್ನುವುದು ನಿಜ, ಗೇಣೆತ್ತರದ ಪ್ಳಿಂಕ್ ಸುಳ್ಳು. ಮೂವರಿಗೆ ಎರಡನ್ನೂ ಕೇಳಿಸಿದೆ. ಮೂವರೂ ಚಪ್ ಕೇಳಿ “ಯಾರೋ ಒದ್ದೆ ಬಟ್ಟೆ ಎಸೆದ್ರು” ಅನ್ನುವ ಧಾಟಿಯಲ್ಲೇ ಮಾತಾಡಿದರು. ಸುಳ್ಳನ್ನೇ ಇಟ್ಟುಕೊಂಡೆವು.

ಖಾಲಿಯಾ, ತುಂಬಿತಾ?

ಇಲ್ಲಿ ನಾನು ಒಂದು ವಾರ ಸಿಕ್ಕಿಹಾಕಿಕೊಂಡೆ. ಪಾತ್ರೆ ಎಷ್ಟು ತುಂಬಿದೆ ಅನ್ನುವುದು ಹನಿಯ ಸದ್ದಿನಲ್ಲೇ ಗೊತ್ತಾಗಬೇಕು. ಪರದೆ ಮೇಲೆ ಹಸಿರು ಪಟ್ಟಿ ಹಾಕಿದರೆ ಕತ್ತಲೆಗೆ ಅರ್ಥವೇ ಇಲ್ಲ. ಗೇಮುಗಳಲ್ಲಿ ಇದು ಹಳೆಯ ಉಪಾಯ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ನಾಲ್ಕೇ ನಾಲ್ಕು ತಗ್ಗು ಸ್ವರ ಮತ್ತೆ ಮತ್ತೆ ಬರುತ್ತವೆ. ಶತ್ರುಗಳು ಕಮ್ಮಿಯಾಗಿ ಅವರ ನಡಿಗೆ ಬಿರುಸಾದಂತೆ ಆ ಸ್ವರಗಳೂ ಬೇಗ ಬೇಗ ಬರುತ್ತವೆ. ಆಡುವವರ ಎದೆ ತಾನಾಗಿ ಹೊಡೆದುಕೊಳ್ಳುತ್ತದೆ, ಯಾವ ಪಟ್ಟಿಯೂ ಬೇಡ.

ನಾನು ನಿಯತ್ತಾಗಿ ಸ್ಟೀಲ್ ತಪ್ಪಲೆ ಇಟ್ಟು, ಖಾಲಿ, ಕಾಲು, ಅರ್ಧ, ಮುಕ್ಕಾಲು, ತುಂಬ ಅಂತ ಐದು ಮಟ್ಟದಲ್ಲಿ ರೆಕಾರ್ಡ್ ಮಾಡಿದೆ. ಖಾಲಿ ಪಾತ್ರೆ ಸುಲಭ. ಮೊದಲ ಹನಿ ‘ಟಣ್’ ಅನ್ನುತ್ತದೆ. ತಳದಲ್ಲಿ ಒಂದು ತೆಳು ಪದರ ನೀರು ನಿಂತ ಕೂಡಲೇ ಆ ಟಣ್ ‘ಟಪ್’ ಆಗುತ್ತದೆ. ಅಲ್ಲಿಂದ ಮುಂದೆ ತಾಪತ್ರಯ. ಪಾತ್ರೆಯ ಗೋಡೆಯ ನಾದ, ನೀರು ಏರಿದಂತೆ ಇಳಿಯುತ್ತಾ ಹೋಯಿತು. ಜಲತರಂಗದವರಿಗೆ ಇದು ಹೊಸದಲ್ಲ. ಬಟ್ಟಲಿಗೆ ನೀರು ಹಾಕಿದಷ್ಟೂ ಶ್ರುತಿ ಇಳಿಯುತ್ತದೆ, ಗೋಡೆ ನೀರನ್ನೂ ಹೊತ್ತು ನಡುಗಬೇಕಲ್ಲ.

ಈ ಫೈಲುಗಳನ್ನು ಆಟಕ್ಕೆ ಹಾಕಿ ಚಿಕ್ಕಮ್ಮನ ಕೈಗೆ ಹೆಡ್‌ಫೋನ್ ಕೊಟ್ಟೆವು. ಪಾತ್ರೆ ತುಂಬಿ ಹರಿಯುವ ಹೊತ್ತಿಗೆ ಚಿಕ್ಕಮ್ಮ ಆರಾಮಾಗಿ ಕೂತಿದ್ದರು. “ಇನ್ನೂ ತಳದಲ್ಲೇ ಇದ್ಯಲ್ಲ ನೀರು” ಅಂದರು. ಅವರು ದಿನಾ ಬೆಳಿಗ್ಗೆ ನಲ್ಲಿ ಕೆಳಗೆ ಕೊಡಪಾನ ಇಟ್ಟು, ಒಳಗೆ ಚಟ್ನಿ ರುಬ್ಬುತ್ತಾ, ಸರಿಯಾಗಿ ಕಂಠದ ಹತ್ತಿರ ನೀರು ಬಂದಾಗ ಓಡಿ ಬಂದು ನಲ್ಲಿ ನಿಲ್ಲಿಸುವವರು. ಅವರ ಕಿವಿಯ ಪಾಠವೇ ಬೇರೆ: ಕೊಡ ತುಂಬುತ್ತಾ ಬಂದಂತೆ ಸದ್ದು ಮೇಲೇರಬೇಕು. ಅದೂ ನಿಜವೇ. ಅಲ್ಲಿ ಕೇಳುವುದು ಗೋಡೆಯನ್ನಲ್ಲ, ನೀರಿನ ಮೇಲೆ ಉಳಿದ ಗಾಳಿಯನ್ನು. 30 ಸೆಂಟಿಮೀಟರ್ ಆಳದ ನೆಟ್ಟಗಿನ ಖಾಲಿ ಪಾತ್ರೆಯಲ್ಲಿ ಗಾಳಿಯ ನಾದ ಲೆಕ್ಕಕ್ಕೆ ಸುಮಾರು 285 ಹರ್ಟ್ಸ್. ನೀರು ಏರಿ 10 ಸೆಂಟಿಮೀಟರ್ ಗಾಳಿ ಉಳಿದಾಗ ಅದರ ಮೂರರಷ್ಟು.

ಒಂದೇ ಪಾತ್ರೆಯಲ್ಲಿ ಒಂದು ನಾದ ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ. ಎರಡೂ ನಿಜ. ಆಟಕ್ಕೆ ಯಾವುದು? ತಮ್ಮನಿಗೂ ನನಗೂ ಜಗಳವೇ ಆಯಿತು. “ರೆಕಾರ್ಡಲ್ಲಿ ನಿಜವಾಗಿ ಬಂದಿರೋ ಇಳಿಯೋ ನಾದಾನೇ ಇಡೋಣ, ಜನ ಕಲ್ತ್ಕೊತಾರೆ” ಅಂತ ಅವನು. ಎರಡನೇ ಪಾತ್ರೆಗೇ ಸೋತು ಆಟ ಅಳಿಸಿಹಾಕುವವರು ಏನು ಕಲಿಯುತ್ತಾರೆ ಅಂತ ನಾನು. ಚಿಕ್ಕಮ್ಮನ ಕಿವಿಯೇ ಗೆದ್ದಿತು. ಕಿವಿಗೆ ಈಗಾಗಲೇ ಗೊತ್ತಿರುವುದನ್ನು ಉಪಯೋಗಿಸಿಕೊಂಡರೆ ಆಟದ ನಿಯಮ ವಿವರಿಸುವ ಕೆಲಸವೇ ಉಳಿಯುವುದಿಲ್ಲ.

ಆದರೆ ಒಂದೊಂದೇ ಹನಿಗೆ ಗಾಳಿಯ ನಾದ ತೀರಾ ಸಣ್ಣಗೆ ಬರುತ್ತದೆ. ಅದನ್ನು ಹೆಚ್ಚಿಸಲು ಸುಲಭದ ದಾರಿ, ಗೇಮಿನೊಳಗೇ ಶ್ರುತಿ ಏರಿಸಿಬಿಡುವುದು. ಮಾಡಿ ನೋಡಿದೆ. ಹನಿ ಕಾರ್ಟೂನ್ ಇಲಿಯ ಹಾಗೆ ಕೀಚ್ ಅಂದಿತು. ಆಗ ನೆನಪಾದದ್ದು 2016ರ ‘ಇನ್‌ಸೈಡ್’ ಎಂಬ ಗೇಮು. ಅದರ ಸದ್ದು ಮಾಡಿದ ಮಾರ್ಟಿನ್ ಸ್ಟಿಗ್ ಆಂಡರ್ಸನ್, ಸದ್ದುಗಳನ್ನು ನಿಜವಾದ ಮನುಷ್ಯನ ತಲೆಬುರುಡೆಯ ಮೂಲಕ ಹಾಯಿಸಿ, ಅದರ ನಡುಕವನ್ನು ಮತ್ತೆ ರೆಕಾರ್ಡ್ ಮಾಡಿದ್ದರು. ನನ್ನ ಹತ್ತಿರ ಬುರುಡೆ ಇಲ್ಲ, ಕೊಡಪಾನ ಇದೆ. ಪುಟ್ಟ ಬ್ಲೂಟೂತ್ ಸ್ಪೀಕರನ್ನು ಕೊಡದ ಬಾಯಿಗೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲೇ ಮೈಕು ಇಳಿಬಿಟ್ಟು, ಹನಿಯ ಸದ್ದನ್ನು ಕೊಡದೊಳಗೆ ಹಾಡಿಸಿದೆ. ಒಂದು ಚೊಂಬು ನೀರು ಹೊಯ್ಯುವುದು, ಮತ್ತೆ ಹಾಡಿಸುವುದು. ಹೀಗೆ ಕಂಠದವರೆಗೆ. ಮೂಲ ಹನಿಯ ಮೇಲೆ ಈ ಪದರವನ್ನು ಹದವಾಗಿ ಬೆರೆಸಿದೆ. ಸದ್ದು ಏರಿತು, ಕೀಚ್ ಅನ್ನಲಿಲ್ಲ.

ತುಂಬಿ ಹರಿಯುವುದಕ್ಕೆ ಸ್ವಲ್ಪ ಮುಂಚೆ ಹನಿಯ ಜೊತೆ ಅಂಚಿನಿಂದ ನೆಲಕ್ಕೆ ಸಣ್ಣ ತೊಟ್ಟು ಬೀಳುವ ಸದ್ದೂ ಸೇರಿಸಿದ್ದೇನೆ. ಕೆಂಪು ಗಾರೆ ನೆಲದ ಮೇಲೆ, ಹನಿಗೆ ಕಾಲು ಸೆಕೆಂಡ್ ಹಿಂದೆ. ಅದು ಬಂದರೆ ಓಡಿ.

ಸಣ್ಣ ರಿಪೇರಿಗಳು

ಗೊಡೋದಲ್ಲಿ, ಅಂದರೆ ನಾವು ಗೇಮ್ ಕಟ್ಟುವ ತಂತ್ರಾಂಶದಲ್ಲಿ, ಆದ ತೊಂದರೆಗಳು. ಬೇರೆಯವರಿಗೂ ಉಪಯೋಗವಾದೀತು.

ಟಣ್ ಅಂದ ಪಾತ್ರೆಯ ನಾದ ನಡುವೆಯೇ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಮೊದಲು ನನ್ನ ಎಡಿಟಿಂಗ್ ಮೇಲೆ ಅನುಮಾನ, ಆಮೇಲೆ ಕೇಬಲ್ ಮೇಲೆ. ಕಡೆಗೆ ನೋಡಿದರೆ, ಸದ್ದು ನುಡಿಸುವ ಭಾಗದಲ್ಲಿ ‘ಮ್ಯಾಕ್ಸ್ ಪಾಲಿಫೊನಿ’, ಅಂದರೆ ಒಟ್ಟಿಗೆ ಎಷ್ಟು ಸದ್ದು ನುಡಿಯಬಹುದು ಅನ್ನುವ ಅಂಕಿ, ಮೊದಲಿನಿಂದಲೇ 1 ಇರುತ್ತದೆ. ಎರಡನೇ ಹನಿ ಬಿದ್ದ ಕೂಡಲೇ ಮೊದಲನೆಯದರ ಬಾಲ ಕತ್ತರಿಸುತ್ತದೆ. 3 ಮಾಡಿದೆ, ಮುಗೀತು. 1985ರ ಸೂಪರ್ ಮಾರಿಯೋದಲ್ಲಿ ಇದು ತಪ್ಪಿಸಲಾಗದ ಕಷ್ಟವಾಗಿತ್ತು. ಅದು ಓಡುತ್ತಿದ್ದ ನಿಂಟೆಂಡೋ ಯಂತ್ರದಲ್ಲಿ ಸದ್ದಿಗೆ ಇದ್ದದ್ದೇ ಐದು ಚಾನೆಲ್, ಮಾರಿಯೋ ಹಾರಿದಾಗಲೆಲ್ಲ ಸಂಗೀತದಿಂದ ಒಂದನ್ನು ಕಿತ್ತುಕೊಳ್ಳಬೇಕಿತ್ತು. ನಮಗೆ ಒಂದು ಅಂಕಿ ಬದಲಿಸಿದರೆ ಸಾಕು. ಆದರೂ ಅರ್ಧ ದಿನ ಹೋಯಿತು.

ಮಳೆಯ ಫೈಲು ಸುತ್ತು ಮುಗಿಸಿ ಮತ್ತೆ ಶುರುವಾಗುವಲ್ಲಿ ಒಂದು ಸಣ್ಣ ತೊದಲು. ಎಂಪಿ3 ಕಳಿಸಿದ್ದೆ. ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಅಂಟಿಕೊಳ್ಳುತ್ತದೆ. ಓಗ್ ಎಂಬ ಇನ್ನೊಂದು ಬಗೆಯ ಫೈಲಿಗೆ ಬದಲಿಸಿದೆ. ಸ್ಟುಡಿಯೋದಲ್ಲಿ ಹೊಸ ಹುಡುಗರಿಗೆ ಇದನ್ನೇ ಹೇಳಿಕೊಡುವವಳು ನಾನು, ಯಾರಿಗೂ ಹೇಳಬೇಡಿ.

ಒಂದೇ ಹನಿ ಮತ್ತೆ ಮತ್ತೆ ಬಂದರೆ ಗಡಿಯಾರದ ಹಾಗೆ ಕೇಳುತ್ತದೆ. ಮಟ್ಟಕ್ಕೆ ಏಳು ಹನಿ ಇಟ್ಟು, ಹಿಂದೆ ಬಂದದ್ದು ತಕ್ಷಣ ಮತ್ತೆ ಬಾರದಂತೆ ಗೊಡೋದ ರ‍್ಯಾಂಡಮೈಸರ್‌ಗೆ ಒಪ್ಪಿಸಿದೆ. ಆದರೆ ಎರಡು ಸೋರಿಕೆಗಳಲ್ಲಿ ಹನಿಯಿಂದ ಹನಿಗೆ ಹಿಡಿಯುವ ಹೊತ್ತು ಒಂದೇ ಆಗಿಬಿಟ್ಟರೆ ಎರಡೂ ಸೇರಿ ಒಂದೇ ಜಾಗದಿಂದ ಬಂದ ಹಾಗೆ ಕೇಳುತ್ತದೆ. ಅದಕ್ಕೆ ಒಂದಕ್ಕೆ 1.1 ಸೆಕೆಂಡ್, ಇನ್ನೊಂದಕ್ಕೆ 1.7, ಹೀಗೆ ತಾಳ ಸೇರದ ಅಂಕಿಗಳು. ಮೇಲೆ ಚೂರು ಏರುಪೇರು.

ಎಲ್ಲಿ? ಎಡಕ್ಕಾ, ಹಿಂದಕ್ಕಾ?

ಮಳೆಯ ನಡುವೆ ಹನಿ ಕೇಳಿಸುತ್ತಿರಲಿಲ್ಲ. ವಾಲ್ಯೂಮ್ ಏರಿಸಿದರೆ ಹನಿ ಕಿವಿಯೊಳಗೇ ಬಿದ್ದ ಹಾಗೆ, ದೂರ ಅನ್ನುವುದೇ ಹೋಗುತ್ತದೆ. ಹಾಗಾಗಿ ಹನಿಯನ್ನು ಬಿಟ್ಟು ಮಳೆಯನ್ನು ಕೊರೆದೆ. ಹನಿಯ ಮುಖ್ಯ ನಾದ ಎಲ್ಲಿದೆಯೋ, ಅಂದರೆ 2ರಿಂದ 5 ಕಿಲೋಹರ್ಟ್ಸ್ ನಡುವೆ, ಮಳೆಯನ್ನು 6 ಡೆಸಿಬೆಲ್ ಇಳಿಸಿದೆ. ಮಳೆಯಲ್ಲಿ ಗುಳಿ ತೋಡಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಹನಿ ಅದರೊಳಗೆ ಬಂದು ಕೂರುತ್ತದೆ. ಜೊತೆಗೆ ಮಳೆಗೆ ಉಸಿರು ಕೊಟ್ಟೆ. ಜೋರು, ಜೋರು, ಆಮೇಲೆ ಸ್ವಲ್ಪ ಹೊಳವು. ಹೊಳವಾದ ಆ ಹದಿನೈದು ಸೆಕೆಂಡಿನಲ್ಲಿ ಮನೆಯ ಎಲ್ಲ ಸೋರಿಕೆಗಳೂ ಸ್ಪಷ್ಟ ಕೇಳುತ್ತವೆ. ಆಡುವವರು ತಾವಾಗಿ ಅಲ್ಲಾಡದೆ ನಿಂತು ಕಿವಿಗೊಡುತ್ತಾರೆ. ನಿಲ್ಲಿ ಅಂತ ನಾವು ಎಲ್ಲೂ ಬರೆದಿಲ್ಲ.

ಎಡ ಬಲ ಸುಲಭ. ಎರಡು ಕಿವಿಗೆ ಸದ್ದು ತಲುಪುವ ಹೊತ್ತಿನಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಮ್ಮಿ ವ್ಯತ್ಯಾಸ, ತಲೆ ಅಡ್ಡ ಬಂದು ಒಂದು ಕಡೆ ಚೂರು ಮಂಕು. ಮಿದುಳಿಗೆ ಅಷ್ಟು ಸಾಕು. ಮುಂದೆ ಹಿಂದೆ ಕಷ್ಟ, ಎರಡು ಕಿವಿಗೂ ಸಮ. ಗೊಡೋದ ಮೂರು ಆಯಾಮದ ಸದ್ದು ಎಡಬಲಕ್ಕೆ ಹಂಚುತ್ತದೆಯೇ ಹೊರತು ಹಿಂದಿನದನ್ನು ಹಿಂದೆ ಅಂತ ಕೇಳಿಸುವುದಿಲ್ಲ. ಹಿಂದಿನ ಸದ್ದಿಗೆ ತೀಕ್ಷ್ಣ ಭಾಗ ತಗ್ಗಿಸುವ ಫಿಲ್ಟರ್ ಹಾಕಿದೆವು. ಗೋಡೆ ಅಡ್ಡ ಬಂದರೆ ಇನ್ನೂ ತಗ್ಗಿಸುವ ಕೋಡನ್ನು ತಮ್ಮ ಬರೆದ. ಅದಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ತಲೆ ತಿರುಗಿಸುವಿಕೆ. ಸುಮ್ಮನೆ ನಿಂತಾಗ ಗೊತ್ತಾಗದ್ದು, ಮೌಸ್ ಚೂರು ತಿರುಗಿಸಿದರೆ ಸದ್ದು ಯಾವ ಕಡೆ ಜಾರುತ್ತದೆ ಅನ್ನುವುದರಲ್ಲಿ ಗೊತ್ತಾಗುತ್ತದೆ. ನಾವು ನಿಜದಲ್ಲೂ ಮಾಡುವುದು ಅದನ್ನೇ ಅಲ್ವಾ, ಸೊಳ್ಳೆ ಹುಡುಕುವಾಗ?

ಇನ್ನೊಂದು ಗಮನಿಸಿದೆ. ಉದ್ದ ನಾದದ ದಿಕ್ಕು ಸಿಗುವುದಿಲ್ಲ, ಶುರುವಿನ ‘ಟಕ್’ ದಿಕ್ಕು ಹೇಳುತ್ತದೆ. ತಾಮ್ರದ ಹಂಡೆಯ ಸದ್ದು ಇಂಪಾಗಿರಲಿ ಅಂತ ಅದರ ಟಕ್ ಅನ್ನು ನಯ ಮಾಡಿದ್ದೆ. ಆ ಹಂಡೆಯನ್ನು ಯಾರೂ ಹುಡುಕಲಾಗಲಿಲ್ಲ. ಟಕ್ ವಾಪಸ್ ಹಾಕಿದೆ.

1999ರ ಸೈಲೆಂಟ್ ಹಿಲ್ ಎಂಬ ಗೇಮಿನಲ್ಲಿ ನಾಯಕನ ಜೇಬಿನಲ್ಲೊಂದು ರೇಡಿಯೋ ಇರುತ್ತದೆ. ರಾಕ್ಷಸ ಹತ್ತಿರ ಬಂದರೆ ಅದು ಕರಕರ ಅನ್ನುತ್ತದೆ. ಎಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ. ಮಂಜಿನಲ್ಲಿ ಅಷ್ಟು ಗೊತ್ತಾದರೆ ಹೆದರಿಕೆ ಜಾಸ್ತಿ. ನಮ್ಮ ಆಟದಲ್ಲಿ ಹೆದರಿಕೆ ಬೇಕಿಲ್ಲ, ಗಡಿಬಿಡಿ ಬೇಕು. ಆದರೂ ಕೊಟ್ಟಿಗೆಯ ಒಂದು ಸೋರಿಕೆಗೆ ಬೇಕೆಂದೇ ದಿಕ್ಕು ಕೊಟ್ಟಿಲ್ಲ. ದನದ ಕೊರಳ ಗಂಟೆ ಅದನ್ನು ಮುಚ್ಚುತ್ತಿರುತ್ತದೆ.

ಗುಡುಗು, ಫೋನು, ಕಪ್ಪೆ

ಮಿಂಚಿದಾಗ ಗಾಜಿನ ಹೆಂಚಿನಿಂದ ಬೆಳಕು ಬಿದ್ದು ಕೋಣೆ ಒಂದು ಗಳಿಗೆ ಕಾಣುತ್ತದೆ. ಆಮೇಲೆ ಗುಡುಗು. ಕಿಲೋಮೀಟರಿಗೆ ಮೂರು ಸೆಕೆಂಡ್ ತಡ. ಗುಡುಗಿದಾಗ ಹನಿ ಯಾವುದೂ ಕೇಳುವುದಿಲ್ಲ. ಕಣ್ಣು ಸಿಕ್ಕಿತು, ಕಿವಿ ಹೋಯಿತು. ಈ ಕೊಡುಕೊಳ್ಳುವಿಕೆ ನಾವು ಯೋಚಿಸಿ ಮಾಡಿದ್ದಲ್ಲ, ಗುಡುಗಿನ ವಾಲ್ಯೂಮ್ ತಪ್ಪಾಗಿ ಜಾಸ್ತಿ ಇಟ್ಟಿದ್ದರಿಂದ ಬಂತು. ಇರಲಿ ಅಂತ ಬಿಟ್ಟೆವು.

ಫೋನಿನಲ್ಲಿ ಹಾಕಿದರೆ ಗುಡುಗೇ ಇಲ್ಲ. ಅಷ್ಟು ಚಿಕ್ಕ ಸ್ಪೀಕರಿನಿಂದ ತಗ್ಗು ಸದ್ದು ಬರುವುದಿಲ್ಲ. ಎಷ್ಟು ಏರಿಸಿದರೂ ಗೊರಗೊರ ಅಷ್ಟೇ. ಅತ್ತೆಯ ಮನೆಯಲ್ಲಿ ಗುಡುಗಿದಾಗ ನಿಜಕ್ಕೂ ಏನು ಕೇಳುತ್ತಿತ್ತು ಅಂತ ನೆನಪು ಮಾಡಿಕೊಂಡೆ. ಗೂಡಿನಲ್ಲಿ ಜೋಡಿಸಿಟ್ಟ ಸ್ಟೀಲ್ ತಟ್ಟೆಗಳು ಜಣಜಣ ಅನ್ನುತ್ತಿದ್ದವು, ಕಿಟಕಿಯ ಅಗುಳಿ ಅದುರುತ್ತಿತ್ತು. ಆ ಎರಡನ್ನು ರೆಕಾರ್ಡ್ ಮಾಡಿ ಗುಡುಗಿನ ಮೇಲೆ ಇಟ್ಟೆ. ಈಗ ಫೋನಿನಲ್ಲಿ ಗುಡುಗು ಇಲ್ಲದಿದ್ದರೂ ಗುಡುಗುತ್ತದೆ.

ನಡುಮನೆಯ ಗುಂಯ್‌ಗುಡುವಿಕೆ ಹಿಡಿಯಲು ಬಲೂನ್ ಒಡೆದೆ. ಅದರ ಅನುರಣನದ ಬಾಲವನ್ನು ರೀಪರ್ ಎಂಬ ಸದ್ದು ಎಡಿಟ್ ಮಾಡುವ ತಂತ್ರಾಂಶದಲ್ಲಿ ಹನಿಗಳಿಗೆ ಹಚ್ಚಬಹುದು. ಅತ್ತೆಗೆ ಮೊದಲೇ ಹೇಳಿರಲಿಲ್ಲ. ಫೈಲಿನಲ್ಲಿ ಬಲೂನು, ಅದರ ಬಾಲ, ಆಮೇಲೆ ನಾಲ್ಕು ಸೆಕೆಂಡ್ ನನಗೆ ಬೈಗುಳ. ಬೈಗುಳವನ್ನು ಬೇರೆ ಫೈಲಾಗಿ ಉಳಿಸಿಕೊಂಡಿದ್ದೇನೆ. ಆಟದಲ್ಲಿ ಹಾಸಿಗೆ ಒದ್ದೆಯಾದಾಗ ಬರುವ ದನಿ ಅದೇ, ಅತ್ತೆಯ ಒಪ್ಪಿಗೆ ಪಡೆದು.

ಆಡಿ ನೋಡಿದವರಲ್ಲಿ ನಾಲ್ವರು ಒಂದು ಕಪ್ಪೆಯ ಬಗ್ಗೆ ಕೇಳಿದರು. ‘ದೂರ’ ಮಳೆಯ ಫೈಲಿನಲ್ಲಿ ಒಂದು ಕಪ್ಪೆ ಒಮ್ಮೆ ವಟಗುಟ್ಟಿತ್ತು, ಫೈಲು ಸುತ್ತಿದಾಗಲೆಲ್ಲ ಅದೇ ಕಪ್ಪೆ, ಅದೇ ಮಾತು. ಒಬ್ಬರಂತೂ ಅದು ಸುಳಿವು ಅಂತ ತಿಳಿದು ಹಿತ್ತಲಲ್ಲಿ ಹತ್ತು ನಿಮಿಷ ಕಪ್ಪೆ ಹುಡುಕಿದ್ದಾರೆ. ಕಪ್ಪೆಯನ್ನು ಕತ್ತರಿಸಿ ತೆಗೆದು ಬೇರೆ ಇಟ್ಟೆ. ಈಗ ಯಾವಾಗಲೋ, ಎಲ್ಲಿಂದಲೋ ಕೂಗುತ್ತದೆ. ಹತ್ತಿರ ಹೋದರೆ ಸುಮ್ಮನಾಗುತ್ತದೆ.

ಕೊನೆಯ ಸುತ್ತಿನಲ್ಲಿ ತಮ್ಮನ ಕಾಲೇಜಿನ ಕಿರಿಯ ಗೆಳೆಯನೊಬ್ಬ ಆಡಿದ. ಅವನಿಗೆ ಕಣ್ಣು ಕಾಣಿಸುವುದಿಲ್ಲ. ನಮ್ಮೆಲ್ಲರಿಗಿಂತ ಬೇಗ ಐದು ಪಾತ್ರೆ ಇಟ್ಟ. ಹಿಂದಿನ ಸದ್ದಿಗೆ ನಾವು ಹಾಕಿದ ಫಿಲ್ಟರ್ ಅತಿಯಾಯಿತು, ಅರ್ಧ ಮಾಡಿ ಅಂದ. ಮಾಡಿದೆವು, ಅವನು ಹೇಳಿದ್ದು ಸರಿ. ಆಮೇಲೆ ನಗುತ್ತಾ ಹೇಳಿದ: “ಆಟ ಆಡಬಹುದು ಅಕ್ಕ. ಆದ್ರೆ ಶುರು ಮಾಡೋಕೆ ಆಗಲ್ಲ.” ಮೆನು ಪೂರ್ತಿ ಮೌನವಾಗಿತ್ತು. ಹೊಸ ಆಟ, ಮುಂದುವರಿಸಿ, ಹೊರಗೆ, ಎಲ್ಲ ಬರೀ ಅಕ್ಷರ. ಸದ್ದಿನ ಮೇಲೇ ನಿಂತ ಆಟದ ಬಾಗಿಲಿಗೆ ಸದ್ದು ಹಾಕುವುದು ಇಬ್ಬರಿಗೂ ಹೊಳೆದಿರಲಿಲ್ಲ. ಈಗ ಮೆನುವಿನ ಪ್ರತಿ ಸಾಲಿಗೂ ದನಿ ಇದೆ, ಜೊತೆಗೆ ಒಂದೊಂದು ಪಾತ್ರೆಯ ಟಣ್.

ಬಾಕಿ ಇರುವುದು: ತಾಮ್ರದ ಹಂಡೆಯ ಮುಕ್ಕಾಲು ಮಟ್ಟಕ್ಕೆ ಏಳರ ಬದಲು ನಾಲ್ಕೇ ಹನಿ ಇವೆ. ಹಂಡೆ ಅತ್ತೆ ಮನೆಯದ್ದು. ನಿನ್ನೆ ಫೋನ್ ಮಾಡಿ ಕೇಳಿದೆ. ಹೆಂಚು ಹೊಸದು ಹಾಕಿಸಿದ್ದಾರೆ, ಹಂಡೆ ಮತ್ತೆ ಬಚ್ಚಲ ಒಲೆಗೆ ಏರಿದೆ. ಶನಿವಾರ ಒಂದು ದಿನಕ್ಕೆ ಇಳಿಸಿಕೊಡುತ್ತಾರಂತೆ, ಸ್ನಾನಕ್ಕೆ ನಾನೇ ಬೇರೆ ನೀರು ಕಾಯಿಸಿಕೊಡಬೇಕಂತೆ. ಡ್ರಿಪ್ ಸೆಟ್ಟು ಮತ್ತು ಒಡೆದ ಹೆಂಚು ಬ್ಯಾಗಿಗೆ ಹಾಕಿದ್ದೇನೆ.